ನಮ್ಮ ಗಾಡಿ 2 ಟನ್ನಿನ ಕ್ಯಾರವಾನ್ ಎಳೆಯಬಲ್ಲದೇ?

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದವನು, ಕಳೆದ ವರ್ಷ ನೌಕರಿಯಿಂದ ನಿವೃತ್ತನಾದೆ. ಹೆಂಡತಿ, ಮಗ, ಸೊಸೆ ಮತ್ತು ಮೊಮ್ಮಗಳೊಂದಿಗೆ ಗೋಕರ್ಣ, ಕಾರವಾರದ ಕಡೆ ತಿರುಗಾಡಲು ದೊಡ್ಡದೊಂದು ಕ್ಯಾರವಾನ್ ಟ್ರೇಲರ್ ಕೊಳ್ಳಬೇಕೆಂದಿದ್ದೇನೆ. ಮಾರುವವರ ಪತ್ರಕದಲ್ಲಿ ಅದರ ಖಾಲಿ ತೂಕ 1,550 ಕೆ.ಜಿ., ಗರಿಷ್ಠ ತೂಕ 2,000 ಕೆ.ಜಿ. ಎಂದಿದೆ. ನಮ್ಮ ಡೀಸೆಲ್ ಎಸ್‌ಯುವಿಯ ಖಾಲಿ ತೂಕ 2,150 ಕೆ.ಜಿ., ಭಾರ ಸಹಿತ ಗರಿಷ್ಠ ತೂಕ 2,750 ಕೆ.ಜಿ., ಎಂಜಿನ್ 170 ಎಚ್‌ಪಿ. ಕೈಪಿಡಿಯಲ್ಲಿ ಬ್ರೇಕ್ ಇರುವ ಟ್ರೇಲರ್‌ಗೆ 1,800, ಬ್ರೇಕ್ ಇಲ್ಲದ್ದಕ್ಕೆ 750, ಕೊಂಡಿಯ ಮೇಲಿನ ಭಾರಕ್ಕೆ 120, ಗಾಡಿ ಮತ್ತು ಟ್ರೇಲರ್ ಜೋಡಿಗೆ 4,200 ಎಂದು ನಾಲ್ಕು ಮಿತಿಗಳನ್ನು ಕೊಟ್ಟಿದ್ದಾರೆ. ಊರಿನ 45 ಎಚ್‌ಪಿ ಟ್ರ್ಯಾಕ್ಟರು 5 ಟನ್ ಎಳೆಯುವಾಗ ಇದು 2 ಟನ್ ಎಳೆಯದೇ ಎಂದು ಮಗ ಕೇಳುತ್ತಾನೆ. ಮಾರುವವರೂ ಆರಾಮಾಗಿ ಎಳೆಯುತ್ತದೆ ಎನ್ನುತ್ತಾರೆ. ನಾವು ಮುಂದುವರಿಯಬಹುದೇ?

ಉತ್ತರ: ಈ ಗಾಡಿಗೆ ಈ ಕ್ಯಾರವಾನ್ ಕಟ್ಟಬೇಡಿ. ಎಂಜಿನ್ ಅದನ್ನು ಎಳೆಯುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನೀವು ಕೇಳಬೇಕಾದ ಪ್ರಶ್ನೆ, ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸಲು ಮತ್ತು ಅಡ್ಡಗಾಳಿಯಲ್ಲಿ ನೆಟ್ಟಗೆ ಇರಿಸಲು ನಿಮ್ಮ ಗಾಡಿಗೆ ಆಗುತ್ತದೆಯೇ ಎಂಬುದು. ನೀವೇ ಕಳುಹಿಸಿರುವ ಅಂಕಿಗಳ ಪ್ರಕಾರ ಆಗುವುದಿಲ್ಲ.

ನಿಮ್ಮ ಮಗ ಎತ್ತಿರುವ ಟ್ರ್ಯಾಕ್ಟರಿನ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ತಿಳಿದರೆ ಉಳಿದ ವಿಷಯದಲ್ಲಿ ಅರ್ಧ ತಾನಾಗಿಯೇ ತಿಳಿಯುತ್ತದೆ. ಟ್ರ್ಯಾಕ್ಟರು ಭಾರ ಎಳೆಯುವುದು ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲಿ, ನೀವು ಹೆದ್ದಾರಿಯಲ್ಲಿ ಹೋಗುವುದು 80ರಲ್ಲಿ. ಚಲಿಸುವ ವಸ್ತುವಿನಲ್ಲಿರುವ ಶಕ್ತಿ ವೇಗದ ವರ್ಗದಂತೆ ಏರುವುದರಿಂದ, ಒಂದೊಂದು ಕಿಲೋ ಭಾರವೂ 80ರ ವೇಗದಲ್ಲಿ 25ರಲ್ಲಿ ಇದ್ದುದಕ್ಕಿಂತ 10 ಪಟ್ಟು ಶಕ್ತಿ ಹೊತ್ತಿರುತ್ತದೆ. ಅಂದರೆ 80ರಲ್ಲಿ ಓಡುತ್ತಿರುವ 2 ಟನ್ ಕ್ಯಾರವಾನನ್ನು ನಿಲ್ಲಿಸುವುದೂ, ಟ್ರ್ಯಾಕ್ಟರಿನ ವೇಗದಲ್ಲಿ ಬರುತ್ತಿರುವ 20 ಟನ್ ಭಾರವನ್ನು ನಿಲ್ಲಿಸುವುದೂ ಶಕ್ತಿಯ ಲೆಕ್ಕದಲ್ಲಿ ಒಂದೇ. ಜೊತೆಗೆ ಟ್ರ್ಯಾಕ್ಟರಿನ ಗೇರುಗಳೂ, ಎತ್ತರದ ಹಿಂಗಾಲಿಗಳೂ, ಕೊಂಡಿಯೂ ಆ ಒಂದೇ ಕೆಲಸಕ್ಕಾಗಿ ಮಾಡಿದವು. ಅಷ್ಟಾದರೂ ಇಳಿಜಾರಿನಲ್ಲಿ ತುಂಬಿದ ಟ್ರೇಲರ್ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನೇ ಮಗುಚುವ ದುರಂತಗಳು ನಡೆಯುತ್ತಲೇ ಇವೆ. ಹಾಗಾಗಿ ಎಚ್‌ಪಿ ನೋಡಿ ಭಾರ ನಿರ್ಧರಿಸುವ ಪದ್ಧತಿಯನ್ನು ಟ್ರ್ಯಾಕ್ಟರಿನ ವಿಷಯದಲ್ಲೂ ನಾನು ಒಪ್ಪುವುದಿಲ್ಲ.

ಕೈಪಿಡಿಯ ಅಂಕಿಗಳನ್ನು ಕಂಪನಿಯವರು ಸುಮ್ಮನೆ ಬರೆದಿರುವುದಿಲ್ಲ. ಯುರೋಪಿನ ನಿಯಮದಂತೆ, ಪೂರ್ಣ ಭಾರದ ಟ್ರೇಲರ್ ಕಟ್ಟಿದ ಗಾಡಿಯು ಶೇಕಡಾ 12ರ ಏರಿನಲ್ಲಿ 5 ನಿಮಿಷಗಳೊಳಗೆ 5 ಬಾರಿ ನಿಂತಲ್ಲಿಂದ ಹೊರಡಬೇಕು. ಅಮೆರಿಕದ ಎಸ್‌ಎಇ ಜೆ2807 ಎಂಬ ಮಾನದಂಡವು ಅರಿಝೋನಾದ ಡೇವಿಸ್ ಡ್ಯಾಮ್ ಬಳಿಯ ಉದ್ದನೆಯ ಏರನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ, ಅದೂ ಎ.ಸಿ. ಹಾಕಿಕೊಂಡೇ ಹತ್ತಬೇಕು. ಎಂಜಿನ್ ತಂಪಾಗುವುದು, ಗೇರ್‌ಬಾಕ್ಸ್‌ನ ಬಿಸಿ, ಹಿಂಭಾಗದ ಸ್ಪ್ರಿಂಗ್, ಚಾಸಿಯ ಬಲ, ಬ್ರೇಕ್ ಎಲ್ಲವೂ ಸೇರಿ ಯಾವುದು ಮೊದಲು ಸೋಲುತ್ತದೆಯೋ ಅದು ಮಿತಿಯನ್ನು ನಿರ್ಧರಿಸುತ್ತದೆ. ಇದೇ ಹೆಸರಿನ ಗಾಡಿಗೆ ಬೇರೆ ದೇಶದಲ್ಲಿ ಹೆಚ್ಚಿನ ಅಂಕಿ ಕೊಟ್ಟಿದ್ದಾರೆ ಎಂದು ಯಾರಾದರೂ ತೋರಿಸಿದರೆ ಅದನ್ನು ನಂಬಿ ಹೊರಡಬಾರದು, ಏಕೆಂದರೆ ಅಲ್ಲಿನ ಸ್ಪ್ರಿಂಗ್, ರೇಡಿಯೇಟರ್, ಕೊಂಡಿ ಕೂರಿಸುವ ಜಾಗ ಬೇರೆಯೇ ಇರಬಹುದು. ನಿಮ್ಮ ಗಾಡಿಗೆ ಇಲ್ಲಿ ಕೊಟ್ಟ ಕೈಪಿಡಿಯೇ ಪ್ರಮಾಣ. ಇದನ್ನು ಓದುತ್ತಿರುವ ಬೇರೆಯವರ ಗಾಡಿಯ ಕೈಪಿಡಿಯಲ್ಲಿ ಟ್ರೇಲರ್ ವಿಷಯವೇ ಇಲ್ಲದಿದ್ದರೆ, ಆ ಗಾಡಿಗೆ ಟ್ರೇಲರ್ ಕಟ್ಟುವ ವಿಚಾರವನ್ನೇ ಅವರು ಬಿಡಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಕ್ಯಾರವಾನಿನ ಖಾಲಿ ತೂಕವೆಂದರೆ ಕಾರ್ಖಾನೆಯಿಂದ ಹೊರಬಂದ ದಿನದ ತೂಕ. ಆ ತೂಕದಲ್ಲಿ ನೀವು ಅದನ್ನು ಒಂದು ದಿನವೂ ಎಳೆಯುವುದಿಲ್ಲ. 100 ಲೀಟರ್ ನೀರು ತುಂಬಿಸಿದರೆ 100 ಕೆ.ಜಿ. ಆಯಿತು. ಅಡುಗೆ ಅನಿಲದ ಸಿಲಿಂಡರನ್ನು 14.2 ಕೆ.ಜಿ. ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಒಳಗಿನ ಅನಿಲದ ತೂಕ ಮಾತ್ರ. ಬರಿಯ ಸಿಲಿಂಡರ್ ಇನ್ನೂ ಸುಮಾರು 15 ಕೆ.ಜಿ. ಇರುತ್ತದೆ, ಅದರ ಮೈಮೇಲೆಯೇ ಬರೆದಿರುತ್ತದೆ. ಹಾಗಾಗಿ ಅದಕ್ಕೆ 30 ಬರೆದುಕೊಳ್ಳಿ. ದೊಡ್ಡ ಇನ್ವರ್ಟರ್ ಬ್ಯಾಟರಿ ಸುಮಾರು 60, ಎ.ಸಿ. 35, ಪಕ್ಕಕ್ಕೆ ಬಿಚ್ಚುವ ನೆರಳಿನ ಚಪ್ಪರ ಮತ್ತು ಅದರ ಕೊಳವೆಗಳು 40. ಹಾಸಿಗೆ, ಪಾತ್ರೆ, ಕುರ್ಚಿ, ದಿನಸಿ, ಐದು ಜನರ ಬಟ್ಟೆ ಸೇರಿ 150 ಎಂದರೆ ನಾನು ಕಡಿಮೆಯೇ ಹಿಡಿದಿದ್ದೇನೆ, ನಮ್ಮ ಮನೆಗಳಿಂದ ಪ್ರವಾಸಕ್ಕೆ ಹೊರಡುವಾಗ ರೊಟ್ಟಿಯ ಗಂಟು, ಚಟ್ನಿಪುಡಿಯ ಡಬ್ಬಿಗಳಿಂದ ಹಿಡಿದು ಏನೇನು ಜೊತೆಗೆ ಬರುತ್ತದೆ ಎಂಬುದು ನಿಮಗೇ ಗೊತ್ತು. ಒಟ್ಟು 1,965 ಕೆ.ಜಿ. ಕೈಪಿಡಿಯ 1,800ರ ಮಿತಿ ಇಲ್ಲಿಯೇ ದಾಟಿತು.

ಎರಡನೆಯ ಲೆಕ್ಕವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ನಿಮ್ಮ ಗಾಡಿ ತನ್ನ ಮೈಮೇಲೆ ಹೊರಬಲ್ಲ ಭಾರ 2,750ರಲ್ಲಿ 2,150 ಕಳೆದರೆ 600 ಕೆ.ಜಿ. ಐದು ಜನರಿಗೆ 285, ಡಿಕ್ಕಿಯ ಸಾಮಾನಿಗೆ 80, ಛಾವಣಿಯ ಕ್ಯಾರಿಯರ್‌ಗೆ 25, ಕೊಂಡಿಯ ಉಕ್ಕಿಗೆ 30 ಎಂದರೂ 420 ಆಗುತ್ತದೆ. ಉಳಿಯುವುದು 180. ಟ್ರೇಲರಿನ ಮುಂಭಾಗ ಕೊಂಡಿಯ ಮೇಲೆ ಒತ್ತುವ ಭಾರವೂ ಈ 180ರ ಒಳಗೇ ಬರಬೇಕು, ಏಕೆಂದರೆ ಅದನ್ನು ಹೊರುವುದು ಗಾಡಿಯ ಸ್ಪ್ರಿಂಗ್‌ಗಳೇ ಹೊರತು ಟ್ರೇಲರಿನ ಗಾಲಿಗಳಲ್ಲ. ಮೂರನೆಯದಾಗಿ, ಜೋಡಿಯ ಒಟ್ಟು ತೂಕ 2,150, 420 ಮತ್ತು 1,965 ಸೇರಿ 4,535 ಆಗುತ್ತದೆ. ಮಿತಿ 4,200. ಅಂದರೆ ನಿಮ್ಮ ಜೋಡಿ ಒಂದಲ್ಲ, ಎರಡು ಮಿತಿಗಳನ್ನು ದಾಟುತ್ತದೆ. ಮೂರನೆಯದಾದ ಕೊಂಡಿಯ ಭಾರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಾನು ನವಲಗುಂದದ ಕಡೆಯ ಒಕ್ಕಲುತನದ ಮನೆಯಲ್ಲಿ ಬೆಳೆದವನು. ಹೊಲದಿಂದ ಮೇವು ಹೇರುವಾಗ ನಮ್ಮ ತಂದೆ ಚಕ್ಕಡಿಯ ಮೇಲೆ ಕಾಲಿಡುವ ಮೊದಲು ನೊಗವನ್ನು ಒಮ್ಮೆ ಕೈಯಿಂದ ಎತ್ತಿ ನೋಡುತ್ತಿದ್ದರು. ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ, ಎತ್ತು ಕಾಲೂರಿ ಎಳೆಯಲಾರದು. ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ನೊಗದ ಮೇಲೆ ಸ್ವಲ್ಪ ಮುಂಭಾರ ಇರಬೇಕು, ಅತಿಯಾಗಬಾರದು ಎಂಬ ಆ ತಿಳಿವಳಿಕೆಯೇ ಇಂದು ಕ್ಯಾರವಾನಿನ ಕೊಂಡಿಗೂ ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ ಚಕ್ಕಡಿಯ ವೇಗದಲ್ಲಿ ತಪ್ಪಾದರೆ ಎತ್ತಿಗೆ ನೋವಾಗುತ್ತದೆ, ಹೆದ್ದಾರಿಯ ವೇಗದಲ್ಲಿ ತಪ್ಪಾದರೆ ಟ್ರೇಲರ್ ಬಾಲದಂತೆ ಅಲ್ಲಾಡಲು ಶುರುವಾಗಿ ಗಾಡಿಯನ್ನೂ ಎಳೆದುಕೊಂಡು ರಸ್ತೆಯಾಚೆ ಹೋಗುತ್ತದೆ.

ಈ ಮುಂಭಾರ ಎಷ್ಟಿರಬೇಕೆಂಬುದರಲ್ಲಿ ಎರಡು ಪದ್ಧತಿಗಳಿವೆ. ಅಮೆರಿಕದ ಭಾರವಾದ ಟ್ರೇಲರ್‌ಗಳಿಗೆ ಟ್ರೇಲರಿನ ತೂಕದ ಶೇ. 10ರಿಂದ 15, ಯುರೋಪಿನ ಮಾದರಿಯ ಹಗುರ ಕ್ಯಾರವಾನ್‌ಗಳಿಗೆ ಶೇ. 5ರಿಂದ 7 ಎಂದು ಹೇಳುತ್ತಾರೆ. ನೀವು ನೋಡಿರುವುದು ಯಾವ ಮಾದರಿಯದು ಎಂದು ತಯಾರಕರನ್ನೇ ಕೇಳಿ. ಅದು ಅಮೆರಿಕದ ಪದ್ಧತಿಯದಾದರೆ 1,965 ಕೆ.ಜಿ.ಗೆ ಕನಿಷ್ಠ 196 ಕೆ.ಜಿ. ಮುಂಭಾರ ಬೇಕು, ನಿಮ್ಮ ಕೊಂಡಿಯ ಮಿತಿ 120, ಗಾಡಿಯಲ್ಲಿ ಉಳಿದಿರುವ ಸಾಮರ್ಥ್ಯ 180. ಎರಡಕ್ಕೂ ಹೊಂದುವುದಿಲ್ಲ. ಆಗ ಕೆಲವರು ಮಾಡುವ ತಪ್ಪೆಂದರೆ, ಕೊಂಡಿಯ ಮೇಲಿನ ಭಾರ ಇಳಿಸಲು ನೀರಿನ ಕ್ಯಾನು, ಸಾಮಾನುಗಳನ್ನು ಕ್ಯಾರವಾನಿನ ಹಿಂತುದಿಗೆ ಸರಿಸುವುದು. ಅಲ್ಲಾಟಕ್ಕೆ ಇದಕ್ಕಿಂತ ಖಚಿತವಾದ ದಾರಿ ಇನ್ನೊಂದಿಲ್ಲ. ಭಾರವಾದುದೆಲ್ಲ ಟ್ರೇಲರಿನ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ, ನೆಲಕ್ಕೆ ಹತ್ತಿರವಾಗಿ ಇರಬೇಕು. ಎರಡೂ ತುದಿಗಳಲ್ಲಿ ಸಮನಾಗಿ ಭಾರವಿಟ್ಟರೆ ಕೊಂಡಿಯ ಅಂಕಿ ಸರಿಯಾಗಿಯೇ ಬರುತ್ತದೆ, ಆದರೆ ಒಮ್ಮೆ ಅಲ್ಲಾಡಲು ಶುರುವಾದ ಟ್ರೇಲರ್ ನಿಲ್ಲುವುದಿಲ್ಲ.

ಮುಂಭಾರ ಗಾಡಿಗೆ ಮಾಡುವುದೇನು ಎಂಬುದನ್ನೂ ನೋಡಿ. ನಿಮ್ಮ ಗಾಡಿಯ ಎರಡು ಅಚ್ಚುಗಳ ನಡುವಿನ ಅಂತರ 2.75 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ 1.1 ಮೀಟರ್ ಎಂದು ಇಟ್ಟುಕೊಳ್ಳೋಣ. ಕೊಂಡಿಯ ಮೇಲೆ 150 ಕೆ.ಜಿ. ಇಟ್ಟರೆ ಸನ್ನೆಗೋಲಿನ ನಿಯಮದಂತೆ ಹಿಂದಿನ ಅಚ್ಚಿನ ಮೇಲೆ 210 ಕೆ.ಜಿ. ಏರುತ್ತದೆ, ಮುಂದಿನ ಅಚ್ಚಿನಿಂದ 60 ಕೆ.ಜಿ. ಇಳಿಯುತ್ತದೆ. ಸ್ಟೀರಿಂಗ್ ತಿರುಗಿಸುವ, ಹೆಚ್ಚಿನ ಬ್ರೇಕ್ ಹಿಡಿಯುವ ಗಾಲಿಗಳಿಗೇ ನೆಲದ ಹಿಡಿತ ಕಡಿಮೆಯಾಗುತ್ತದೆ. ಮೂತಿ ಮೇಲೆತ್ತಿಕೊಂಡು ಹೋಗುತ್ತಿರುವ ಗಾಡಿಯ ಹೆಡ್‌ಲೈಟು ಎದುರಿನವರ ಕಣ್ಣಿಗೆ ಕುಕ್ಕುವುದು ಇದರ ಹೊರಗಿನ ಗುರುತು ಮಾತ್ರ.

ಗಾಳಿಯ ವಿಷಯದಲ್ಲಿ ನಮ್ಮ ಸೀಮೆ ಸುಲಭದ್ದಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಲ್ಲಿ ಗಾಳಿ ಬೀಸುತ್ತದೆ ಎಂಬ ಕಾರಣಕ್ಕೇ. ಮುಂಗಾರಿನಲ್ಲಿ ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ಬಯಲು ರಸ್ತೆಗಳಲ್ಲಿ ಅಡ್ಡ ಬೀಸುವ ಗಾಳಿ ಒಂದು ದೊಡ್ಡ ಕ್ಯಾರವಾನಿನ ಪಕ್ಕದ ಗೋಡೆಗೆ ಹಾಯಿಪಟಕ್ಕೆ ತಾಗಿದಂತೆ ತಾಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯ ಕಡೆ ಹೋಗುವಾಗ ಉದ್ದನೆಯ ಲಾರಿಯೊಂದು ಪಕ್ಕದಿಂದ ಹಾದರೆ ಮೊದಲು ಆಚೆ ತಳ್ಳಿ ಆಮೇಲೆ ಈಚೆ ಸೆಳೆಯುತ್ತದೆ. ಎಳೆಯುವ ಗಾಡಿ ಟ್ರೇಲರಿಗಿಂತ ಭಾರವಾಗಿದ್ದರೆ ಈ ತಳ್ಳಾಟವನ್ನು ನುಂಗಿಕೊಳ್ಳುತ್ತದೆ. ಬ್ರಿಟನ್ನಿನ ಕ್ಯಾರವಾನ್ ಸಂಘಗಳು ಹೊಸಬರಿಗೆ ತುಂಬಿದ ಟ್ರೇಲರ್ ಗಾಡಿಯ ಖಾಲಿ ತೂಕದ ಶೇ. 85 ಮೀರಬಾರದು ಎಂದು ಹೇಳುವುದು ಇದೇ ಕಾರಣಕ್ಕೆ. ನಿಮಗೆ ಅದು 1,827 ಆಗುತ್ತದೆ. ಅದು ಕಾನೂನಲ್ಲ, ಸಲಹೆ. ಆದರೆ ಹಲವು ವರ್ಷ ಟ್ರೇಲರ್ ಎಳೆದ ಮೇಲೂ ನಾನು ಅದನ್ನು ಮೀರುವುದಿಲ್ಲ. ಅಕಸ್ಮಾತ್ ಅಲ್ಲಾಟ ಶುರುವಾದರೆ ಗಾಡಿಯ ಬ್ರೇಕನ್ನು ಜೋರಾಗಿ ಒತ್ತಬಾರದು, ವೇಗ ಹೆಚ್ಚಿಸಿ ನೆಟ್ಟಗೆ ಮಾಡುತ್ತೇನೆ ಎಂದೂ ಹೋಗಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಟ್ರೇಲರಿನ ಬ್ರೇಕನ್ನು ಪ್ರತ್ಯೇಕವಾಗಿ ಒತ್ತುವ ಗುಂಡಿ ಇದ್ದರೆ ಅದನ್ನಷ್ಟೇ ಒತ್ತಬಹುದು.

ನೀವು ಗೋಕರ್ಣ, ಕಾರವಾರ ಎಂದು ಬರೆದಿರುವುದರಿಂದ ಘಟ್ಟದ ಮಾತನ್ನು ಬಿಡಲಾರೆ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯಲು ಅರಬೈಲ್ ಘಟ್ಟವಿದೆ. 4,535 ಕೆ.ಜಿ. ಭಾರದ ಜೋಡಿ 400 ಮೀಟರ್ ಎತ್ತರ ಇಳಿಯಿತು ಎಂದುಕೊಂಡರೆ, ಆ ಇಳಿತದಲ್ಲಿ ಹೊರಬರುವ ಶಕ್ತಿ ಸುಮಾರು 1 ಕೋಟಿ 78 ಲಕ್ಷ ಜೂಲ್. ಅಷ್ಟರಿಂದ 50 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು, ಅಂದರೆ ಬಚ್ಚಲಮನೆಯ ದೊಡ್ಡ ಹಂಡೆ ತುಂಬ ನೀರು. ಎಂಜಿನ್ ಮತ್ತು ಗಾಳಿ ಹೀರಿಕೊಳ್ಳದ ಶಕ್ತಿಯೆಲ್ಲವೂ ಬ್ರೇಕಿನಲ್ಲೇ ಬಿಸಿಯಾಗಿ ಇಳಿಯಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬ ನಿಯಮವಿದ್ದರೆ, ನೀರು ಹೀರಿಕೊಂಡದ್ದಕ್ಕೆ ಆ ಮಿತಿ 155 ಮಾತ್ರ. ಕುದಿದ ಎಣ್ಣೆಯಲ್ಲಿ ಗುಳ್ಳೆ ಬಂದರೆ ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಲವು ವರ್ಷಗಳ ಹಿಂದೆ ಒಂದು ಜನರೇಟರ್ ಟ್ರೇಲರನ್ನು ಕಟ್ಟಿಕೊಂಡು ಇದೇ ಘಟ್ಟ ಇಳಿಯುವಾಗ ನನಗೆ ಮೊದಲು ಸುಟ್ಟ ವಾಸನೆ ಬಂತು, ಎರಡು ತಿರುವು ಕಳೆಯುವಷ್ಟರಲ್ಲಿ ಪೆಡಲು ಮೆತ್ತಗಾಯಿತು. ಗೇರಿನಿಂದಲೇ ವೇಗ ಇಳಿಸಿ, ಅಗಲವಾದ ಅಂಚು ಸಿಕ್ಕಲ್ಲಿ ನಿಲ್ಲಿಸಿಕೊಂಡೆ. ತಪ್ಪು ನನ್ನದೇ, ಎಣ್ಣೆ ಬದಲಿಸಿ ಮೂರು ವರ್ಷ ದಾಟಿತ್ತು, ಮೇಲಿನಿಂದಲೇ ಕೆಳಗಿನ ಗೇರಿಗೆ ಹಾಕಿಕೊಳ್ಳಬೇಕಾದವನು ಹಾಕಿಕೊಂಡಿರಲಿಲ್ಲ. ಅಂದು ಎದುರಿನಿಂದ ಬರುತ್ತಿದ್ದ ಬಸ್ಸು ಇಂದಿಗೂ ನನ್ನ ಕಣ್ಣ ಮುಂದಿದೆ.

ಆದುದರಿಂದ ಘಟ್ಟದ ನೆತ್ತಿಯಲ್ಲೇ, ಇಳಿತ ಶುರುವಾಗುವ ಮುಂಚೆ, ಎರಡನೆಯ ಅಥವಾ ಮೂರನೆಯ ಗೇರಿಗೆ ಬನ್ನಿ. ಕ್ಯಾರವಾನಿಗೆ ಓವರ್‌ರನ್ ಬ್ರೇಕ್ ಇದ್ದರೆ ಇನ್ನೊಂದು ಸೂಕ್ಷ್ಮ ತಿಳಿದಿರಬೇಕು: ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುವ ಬಲದಿಂದಲೇ ಆ ಬ್ರೇಕ್ ಹಿಡಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ನೀವು ಎಂಜಿನ್ನಿನಿಂದ ತಡೆಯುತ್ತಿರುವಷ್ಟು ಹೊತ್ತೂ ಟ್ರೇಲರ್ ನೂಕುತ್ತಲೇ ಇರುತ್ತದೆ, ಅದರ ಡ್ರಮ್ಮುಗಳು ಸುಡುತ್ತಲೇ ಇರುತ್ತವೆ. ನಡುವೆ ಒಮ್ಮೆ ಸುರಕ್ಷಿತ ಜಾಗದಲ್ಲಿ ನಿಂತು ತಣಿಯಲು ಬಿಡಿ. ವಿದ್ಯುತ್ ಬ್ರೇಕ್ ಆದರೆ ಎಷ್ಟು ಹಿಡಿಯಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ, ಘಟ್ಟದ ಮಟ್ಟಿಗೆ ನನ್ನ ಒಲವು ಅದರ ಕಡೆಗೇ. ಯಾವುದೇ ಆದರೂ, ಕೊಂಡಿ ಕಳಚಿದರೆ ಟ್ರೇಲರಿನ ಬ್ರೇಕನ್ನು ತಾನಾಗಿ ಎಳೆಯುವ ಸುರಕ್ಷಾ ತಂತಿ ಇಲ್ಲದ ಟ್ರೇಲರನ್ನು ಕೊಳ್ಳಬೇಡಿ.

ಕೊಂಡಿಯನ್ನು ಗ್ಯಾರೇಜಿನಲ್ಲಿ ಕೋನ ಕಬ್ಬಿಣ ಬೆಸೆದು ಮಾಡಿಸಬಾರದು. ಕಂಪನಿ ಗುರುತಿಸಿರುವ ರಂಧ್ರಗಳಿಗೆ ಬೋಲ್ಟ್ ಹಾಕಿ ಕೂರಿಸುವ, ಬಲದ ಅಂಕಿ ಕೆತ್ತಿದ ಫಲಕವಿರುವ ಕೊಂಡಿಯೇ ಬೇಕು. ಆ ಫಲಕದಲ್ಲಿ, ಕೊಂಡಿ ಎಷ್ಟು ಎಳೆತದ ಬಲ ತಡೆಯಬಲ್ಲದು ಎಂದು ಹೇಳುವ ಡಿ ಮೌಲ್ಯ ಎಂಬುದೊಂದು ಇರುತ್ತದೆ. ಗಾಡಿಯ ಮತ್ತು ಟ್ರೇಲರಿನ ಗರಿಷ್ಠ ತೂಕಗಳನ್ನು ಟನ್ನಿನಲ್ಲಿ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಬೇಕಾದ ಮೌಲ್ಯ ಕಿಲೋನ್ಯೂಟನ್‌ನಲ್ಲಿ ಬರುತ್ತದೆ. 2.75 ಟನ್ ಗಾಡಿಗೆ 2 ಟನ್ ಟ್ರೇಲರ್ ಎಂದರೆ 11.4, 1.5 ಟನ್ ಎಂದರೆ 9.5. ಟ್ರೇಲರಿನ ಮೂತಿ ಕೂರುವ, ಕೊಂಡಿಯ ಉಕ್ಕಿನ ಗುಂಡಿನ (ಬಾಲ್) ಅಳತೆಯೂ ಹೊಂದಬೇಕು: ಯುರೋಪಿನದು 50 ಮಿ.ಮೀ., ಅಮೆರಿಕದ ಎರಡು ಇಂಚಿನದು 50.8 ಮಿ.ಮೀ. ನೋಡಲು ಒಂದೇ ಎನಿಸುವ ಇವುಗಳನ್ನು ಬೆರೆಸಿದರೆ ಕೊಂಡಿ ಸಡಿಲವಾಗುತ್ತದೆ ಅಥವಾ ಪೂರ್ತಿ ಕೂರುವುದೇ ಇಲ್ಲ. ಕೆಟ್ಟು ನಿಂತಾಗ ಎಳೆಯಲು ಕೊಟ್ಟಿರುವ ಕೊಕ್ಕೆ ಈ ಕೆಲಸಕ್ಕಲ್ಲ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು, ವಿಮೆಯವರಿಗೆ ಲಿಖಿತವಾಗಿ ತಿಳಿಸಬೇಕು. ಓಡುವಾಗ ಮೊಮ್ಮಗಳು ಒಳಗೆ ಮಲಗಿರಲಿ ಎಂದು ಬಿಡುವುದು ಖಂಡಿತ ಕೂಡದು.

ಹಾಗಾದರೆ ಏನು ಮಾಡಬಹುದು? ಈ ಗಾಡಿಯನ್ನೇ ಇಟ್ಟುಕೊಳ್ಳುವುದಾದರೆ, ತುಂಬಿದ ಮೇಲೆ 1,500 ಕೆ.ಜಿ. ಮೀರದ, ಖಾಲಿ ತೂಕ 1,100ರ ಆಸುಪಾಸಿನ ಕ್ಯಾರವಾನ್ ನೋಡಿ. ಆಗ ಜೋಡಿಯ ತೂಕ 4,070 ಆಗುತ್ತದೆ, ಮಿತಿಗೆ 130 ಕೆ.ಜಿ. ಉಳಿಯುತ್ತದೆ. ಕೊಂಡಿಯ ಮೇಲೆ 120 ಇಟ್ಟರೆ ಅದು ಟ್ರೇಲರಿನ ಶೇ. 8; ಯುರೋಪಿನ ಮಾದರಿಗೆ ಅದು ಸಾಕು, ಶೇ. 10 ಕೇಳುವ ಮಾದರಿಯಾದರೆ ಅದನ್ನು ಬಿಟ್ಟು ಬೇರೆಯದನ್ನು ಆರಿಸಿ. ಗಾಡಿಯ ಮೇಲಿನ ಭಾರ 540 ಆಗಿ 600ರ ಒಳಗೆ ಇರುತ್ತದೆ. ಒಂದೇ ಅಚ್ಚಿನ ಟ್ರೇಲರಾದರೆ ಉಳಿದ 1,380 ಕೆ.ಜಿ.ಯನ್ನು ಎರಡು ಟಯರುಗಳು ತಲಾ 690ರಂತೆ ಹೊರುತ್ತವೆ; ಟಯರಿನ ಮೇಲೆ ಭಾರಸೂಚಿ 104 ಎಂದಿದ್ದರೆ ಅದು ಪೂರ್ಣ ಒತ್ತಡದಲ್ಲಿ 900 ಕೆ.ಜಿ. ಹೊರುತ್ತದೆ, ಅದಕ್ಕಿಂತ ಕಡಿಮೆ ಸೂಚಿಯದು ಬೇಡ. ಇಲ್ಲ, ಮನಸ್ಸು ಆ ದೊಡ್ಡ ಕ್ಯಾರವಾನಿನ ಮೇಲೆಯೇ ಇದೆ ಎನ್ನುವುದಾದರೆ ಕೊಳ್ಳುವ ಕ್ರಮವನ್ನು ತಿರುಗಿಸಬೇಕಾಗುತ್ತದೆ: ಮೊದಲು, ಖಾಲಿಯಾಗಿಯೇ 2,300 ಕೆ.ಜಿ.ಗಿಂತ ಹೆಚ್ಚು ತೂಗುವ, ಬ್ರೇಕ್ ಇರುವ ಟ್ರೇಲರಿಗೆ ಕನಿಷ್ಠ 2,300ರ ಅನುಮತಿ ಇರುವ ಗಾಡಿ, ಆಮೇಲೆ ಕ್ಯಾರವಾನ್. ಈಗಿನ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಹಿಂಭಾಗ ಕುಸಿಯುವುದು ನಿಲ್ಲಬಹುದು, ಆದರೆ ಕೈಪಿಡಿಯ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ.

ಮುಂಗಡ ಹಣ ಕೊಡುವ ಮೊದಲು, ಯಾವ ಕ್ಯಾರವಾನ್ ಆರಿಸಿದರೂ, ಅದನ್ನು ಕಾಟಾದ ಮೇಲೆ ನಿಲ್ಲಿಸಿ ತೂಗಿಸಿ ಎಂದು ಮಾರುವವರನ್ನು ಕೇಳಿ, ಒಪ್ಪದಿದ್ದರೆ ಕೊಳ್ಳಬೇಡಿ. ಆಮೇಲೆ ಮೊದಲ ಪ್ರವಾಸಕ್ಕೆ ನೀರು, ಸಿಲಿಂಡರ್, ಸಾಮಾನು ಎಲ್ಲ ತುಂಬಿ, ಐದೂ ಜನ ಕುಳಿತು, ಅಮರಗೋಳದ ಎಪಿಎಂಸಿ ಕಡೆಯ ಯಾವುದಾದರೂ ವೇಬ್ರಿಜ್‌ಗೆ ಹೋಗಿ. ಮೊದಲು ಜೋಡಿಯನ್ನು ಪೂರ್ತಿಯಾಗಿ, ನಂತರ ಗಾಡಿಯ ಮುಂದಿನ ಅಚ್ಚನ್ನು ಮಾತ್ರ, ನಂತರ ಗಾಡಿಯ ಎರಡೂ ಅಚ್ಚುಗಳನ್ನು ತೂಗಿಸಿ ಮೂರು ಚೀಟಿ ಪಡೆಯಿರಿ. ಟ್ರೇಲರ್ ಕಳಚಿ ಗಾಡಿಯನ್ನು ಅದೇ ಕ್ರಮದಲ್ಲಿ ಮತ್ತೆ ತೂಗಿಸಿದರೆ ಮುಂದಿನ ಅಚ್ಚು ಎಷ್ಟು ಹಗುರಾಯಿತು ಎಂಬುದು ಗೊತ್ತಾಗುತ್ತದೆ. ದೊಡ್ಡ ಕಾಟಾಗಳು 5 ಅಥವಾ 10 ಕೆ.ಜಿ. ಅಂತರದಲ್ಲಿ ತೋರಿಸುವುದರಿಂದ ಕೊಂಡಿಯ ಭಾರವನ್ನು ಅವುಗಳಿಂದ ಅಳೆಯಬೇಡಿ. ಸಮತಟ್ಟಾದ ನೆಲದಲ್ಲಿ, 150 ಕೆ.ಜಿ. ತನಕ ತೋರಿಸುವ ಮನೆಯ ತೂಕದ ಯಂತ್ರವನ್ನಿಟ್ಟು, ಕೊಂಡಿ ಗಾಡಿಗೆ ಕಟ್ಟಿದಾಗ ಇರುವಷ್ಟೇ ಎತ್ತರಕ್ಕೆ ಬರುವಂತೆ ಮರದ ತುಂಡು ನಿಲ್ಲಿಸಿ, ಟ್ರೇಲರಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮೂತಿಯನ್ನು ನಿಧಾನವಾಗಿ ಅದರ ಮೇಲೆ ಇಳಿಸಿ. ಅಂಕಿ 120 ದಾಟಿದರೆ ಭಾರವಾದ ಒಂದೊಂದೇ ವಸ್ತುವನ್ನು ಅಚ್ಚಿನ ಕಡೆಗೆ ಸರಿಸಿ ಮತ್ತೆ ನೋಡಿ. ಸರಿಯಾದ ಜಾಗ ಸಿಕ್ಕ ಮೇಲೆ ಯಾವ ಸಾಮಾನು ಎಲ್ಲಿತ್ತು ಎಂಬುದನ್ನು ಕ್ಯಾರವಾನಿನ ಬಾಗಿಲ ಒಳಬದಿಗೆ ಬರೆದು ಅಂಟಿಸಿದರೆ, ಮರಳಿ ಬರುವಾಗ ನೀರು ಖಾಲಿಯಾಗಿ ಚೀಲಗಳು ಹೆಚ್ಚಾಗಿರುವ ಹೊತ್ತಿನಲ್ಲಿ ನಿಮ್ಮ ಸೊಸೆಗೋ ಮಗನಿಗೋ ಅದನ್ನು ನೋಡಿಯೇ ಹೇರಲು ಬರುತ್ತದೆ.